ಕೊಬ್ಬಿನಾಮ್ಲ ಬ್ಯಾಕ್ಟೀರಿಯದೊಳಗೆ ಏನು ಮಾಡುತ್ತದೆ: ಪ್ರಯೋಗದ ಮೇಜಿನಿಂದ ಒಂದು ಅನುಭವ

ನಾನು ಮಾಡಿದ ಮೊದಲ ಪರೀಕ್ಷೆಯ ತಟ್ಟೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. 96 ಗುಳಿಗಳ ಆ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಯಲ್ಲಿ ಲಾರಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ ಸಾರತೆ ಎಡದಿಂದ ಬಲಕ್ಕೆ ಗುಳಿಯಿಂದ ಗುಳಿಗೆ ಅರ್ಧಕ್ಕರ್ಧ ಇಳಿಯುವಂತೆ ತುಂಬಿಸಿ, ಪ್ರತಿ ಗುಳಿಗೂ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯವನ್ನು ಮಿಲಿಲೀಟರಿಗೆ ಸುಮಾರು 5 ಲಕ್ಷ ಕೋಶಗಳ ಲೆಕ್ಕದಲ್ಲಿ ಸೇರಿಸಿ, 35 ಡಿಗ್ರಿ ಸೆಲ್ಸಿಯಸ್‌ನ ಇನ್‌ಕ್ಯುಬೇಟರಿನಲ್ಲಿ ರಾತ್ರಿಯಿಡೀ ಇಟ್ಟಿದ್ದೆ. ಬೆಳಿಗ್ಗೆ ತೆಗೆದು ನೋಡಿದಾಗ ಬಲಗಡೆಯ ಗುಳಿಗಳು ನಿರೀಕ್ಷೆಯಂತೆ ಮಸುಕಾಗಿದ್ದವು. ಅಲ್ಲಿ ಆಮ್ಲ ತೀರ ಕಡಿಮೆಯಿದ್ದುದರಿಂದ ಬ್ಯಾಕ್ಟೀರಿಯ ಧಾರಾಳವಾಗಿ ಬೆಳೆದಿತ್ತು. ನಡುವಿನ ಗುಳಿಗಳು ತಿಳಿಯಾಗಿದ್ದವು. ಆದರೆ ಆಮ್ಲ ಅತಿ ಹೆಚ್ಚಿದ್ದ ಎಡತುದಿಯ ಮೂರು ಗುಳಿಗಳು ಮತ್ತೆ ಮಸುಕಾಗಿದ್ದವು. ಬೆಳಕಿನ ತಡೆಯನ್ನು ಅಳೆಯುವ ಯಂತ್ರವು ಆ ಮೂರನ್ನೂ 'ಬೆಳವಣಿಗೆ ಇದೆ' ಎಂದೇ ದಾಖಲಿಸಿತ್ತು. ಅವುಗಳಿಂದ ಒಂದೊಂದು ಹನಿ ತೆಗೆದು ಅಗರ್ ಮೇಲೆ ಹರಡಿ ಇನ್ನೊಂದು ರಾತ್ರಿ ಕಾದೆ. ಒಂದೇ ಒಂದು ಕಾಲೊನಿಯೂ ಮೂಡಲಿಲ್ಲ. ಲಾರಿಕ್ ಆಮ್ಲ ಘನದಿಂದ ದ್ರವವಾಗುವುದು ಸುಮಾರು 44 ಡಿಗ್ರಿಯಲ್ಲಿ. 35 ಡಿಗ್ರಿಯ ದ್ರವ ಮಾಧ್ಯಮದಲ್ಲಿ ಅದು ಕರಗುವಷ್ಟು ಮಾತ್ರ ಕರಗಿ, ಮಿಕ್ಕದ್ದು ಬಿಳಿ ಕಣಗಳಾಗಿ ಹೊರಬಿದ್ದಿತ್ತು. ನಾನು ಬೆಳವಣಿಗೆ ಎಂದು ನೋಡುತ್ತಿದ್ದುದು ಆ ಕಣಗಳನ್ನು.

ಬ್ಯಾಕ್ಟೀರಿಯನಾಶಕ ಲಿಪಿಡ್‌ಗಳ, ಅಂದರೆ ಕೊಬ್ಬಿನ ಜಾತಿಯ ಪದಾರ್ಥಗಳ, ಸಂಶೋಧನೆಗೆ ಸೇರಿಕೊಂಡಾಗ ನನ್ನ ಮನಸ್ಸಿನಲ್ಲಿದ್ದ ಚಿತ್ರ ಬಹಳ ಸರಳವಾದದ್ದು. ಕೊಬ್ಬಿನಾಮ್ಲ ಸಾಬೂನಿನ ಹತ್ತಿರದ ಬಂಧು. ಅದರ ಒಂದು ತುದಿ ನೀರಿಗೆ ಒಲಿಯುತ್ತದೆ, ಉಳಿದ ಉದ್ದನೆಯ ಸರಪಳಿ ಎಣ್ಣೆಗೆ ಒಲಿಯುತ್ತದೆ. ಹಾಗಾಗಿ ಅದು ಬ್ಯಾಕ್ಟೀರಿಯದ ಪೊರೆಯೊಳಗೆ ನುಗ್ಗಿ ಅದನ್ನು ಹರಿದುಹಾಕುತ್ತದೆ, ಅಲ್ಲಿಗೆ ಮುಗಿಯಿತು ಎಂದು ತಿಳಿದಿದ್ದೆ. ಈ ಪದಾರ್ಥಗಳು ಹೊಸವೇನಲ್ಲ. ನಮ್ಮ ಚರ್ಮದ ಜಿಡ್ಡಿನ ಗ್ರಂಥಿಗಳು ಸ್ರವಿಸುವ ಎಣ್ಣೆಯಲ್ಲೇ ಸೇಪಿಯೆನಿಕ್ ಆಮ್ಲ ಎಂಬ 16 ಇಂಗಾಲಗಳ ಕೊಬ್ಬಿನಾಮ್ಲವಿದೆ. ಅದರ ದ್ವಿಬಂಧ, ಅಂದರೆ ಎರಡು ಇಂಗಾಲಗಳ ನಡುವಿನ ಜೋಡಿ ಕೊಂಡಿ, 6ನೆಯ ಸ್ಥಾನದಲ್ಲಿರುತ್ತದೆ, ಮತ್ತು ಅದು ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಅನ್ನು ಹತೋಟಿಯಲ್ಲಿಡುವ ದೇಹದ ಸ್ವಂತ ಅಸ್ತ್ರಗಳಲ್ಲಿ ಒಂದು. ದ್ವಿಬಂಧ 9ನೆಯ ಸ್ಥಾನದಲ್ಲಿದ್ದರೆ ಅದೇ ಪಾಲ್ಮಿಟೋಲಿಯಿಕ್ ಆಮ್ಲ. 1972ರಲ್ಲಿ ಜಾನ್ ಕಬಾರಾ ಮತ್ತು ಸಂಗಡಿಗರು ಹತ್ತಾರು ಕೊಬ್ಬಿನಾಮ್ಲಗಳನ್ನೂ ಅವುಗಳ ಸಂಯುಕ್ತಗಳನ್ನೂ ಸಾಲಾಗಿ ಪರೀಕ್ಷಿಸಿ, ದ್ವಿಬಂಧವಿಲ್ಲದವುಗಳ ಪೈಕಿ 12 ಇಂಗಾಲಗಳ ಲಾರಿಕ್ ಆಮ್ಲವೇ ಹೆಚ್ಚು ಪರಿಣಾಮಕಾರಿಯೆಂದೂ, ಅದನ್ನು ಗ್ಲಿಸರಾಲಿಗೆ ಜೋಡಿಸಿದ ಮಾನೊಲಾರಿನ್ ಇನ್ನೂ ಚುರುಕೆಂದೂ ತೋರಿಸಿದ್ದರು. ನನಗೆ ಕೊಟ್ಟ ಮೂರು ಸೀಸೆಗಳಲ್ಲಿದ್ದವು ಇವೇ: ಲಾರಿಕ್ ಆಮ್ಲ, ಮಾನೊಲಾರಿನ್, ಪಾಲ್ಮಿಟೋಲಿಯಿಕ್ ಆಮ್ಲ.

ನನಗೆ ಒಪ್ಪಿಸಿದ ಪ್ರಶ್ನೆ ಮಾತ್ರ ಸರಳವಾಗಿರಲಿಲ್ಲ. ಈ ಲಿಪಿಡ್‌ಗಳು ಬ್ಯಾಕ್ಟೀರಿಯದ ಸ್ವಂತ ಲಿಪಿಡ್ ಚಯಾಪಚಯವನ್ನು ಕೆಡಿಸುತ್ತವೆಯೇ, ಕೆಡಿಸುವುದಾದರೆ ಯಾವ ಹಂತದಲ್ಲಿ ಎಂಬುದು ಆ ಪ್ರಶ್ನೆ. ಬ್ಯಾಕ್ಟೀರಿಯ ತನ್ನ ಪೊರೆಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ಹೆಣೆದುಕೊಳ್ಳುತ್ತದೆ. ನಮ್ಮ ಕೋಶಗಳಲ್ಲಿ ಈ ಕೆಲಸವನ್ನೆಲ್ಲ ಒಂದೇ ದೊಡ್ಡ ಪ್ರೋಟೀನ್ ಮಾಡಿದರೆ, ಬ್ಯಾಕ್ಟೀರಿಯದಲ್ಲಿ ಅದು ಬೇರೆಬೇರೆ ಕಿಣ್ವಗಳ ನಡುವೆ ಹಂಚಿಹೋಗಿದೆ. ಬೆಳೆಯುತ್ತಿರುವ ಸರಪಳಿಯನ್ನು ಎಸಿಪಿ ಎಂಬ ಸಣ್ಣ ವಾಹಕ ಪ್ರೋಟೀನ್ ಹೊತ್ತು ಒಂದು ಕಿಣ್ವದಿಂದ ಇನ್ನೊಂದಕ್ಕೆ ಒಯ್ಯುತ್ತದೆ; ಫ್ಯಾಬ್-ಎಚ್ ಮೊದಲ ಗಂಟು ಹಾಕುತ್ತದೆ, ಫ್ಯಾಬ್-ಎಫ್ ಪ್ರತಿ ಸುತ್ತಿನಲ್ಲೂ ಎರಡು ಇಂಗಾಲ ಸೇರಿಸುತ್ತದೆ, ಫ್ಯಾಬ್-ಐ ಸುತ್ತಿನ ಕೊನೆಯ ಹೆಜ್ಜೆಯನ್ನು ಮುಗಿಸುತ್ತದೆ. ಸ್ಟ್ಯಾಫಿಲೊಕಾಕಸ್‌ನ ವಿಶೇಷವೆಂದರೆ ಅದು ನೇರ ಸರಪಳಿಗಳ ಜೊತೆಗೆ ತುದಿಯಲ್ಲಿ ಕವಲೊಡೆದ ಸರಪಳಿಗಳನ್ನೂ ಧಾರಾಳವಾಗಿ ತಯಾರಿಸುತ್ತದೆ. ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲದಿಂದ ಆರಂಭವಾಗುವ 15 ಇಂಗಾಲಗಳ ಆಂಟಿ-ಐಸೊ ಕವಲು ಆಮ್ಲವೇ ಅದರ ಪೊರೆಯ ಮುಖ್ಯ ಸಾಮಗ್ರಿ, ಪೊರೆಗೆ ಬೇಕಾದ ಮೃದುತ್ವ ಬರುವುದೂ ಆ ಕವಲಿನಿಂದಲೇ. ದ್ವಿಬಂಧವುಳ್ಳ ಕೊಬ್ಬಿನಾಮ್ಲವನ್ನು ತಯಾರಿಸುವ ಕಿಣ್ವ ಅದರಲ್ಲಿ ಇಲ್ಲವೇ ಇಲ್ಲ. ಈ ಕೊನೆಯ ಮಾತನ್ನು ಆಗ ಒಂದು ವಿವರವೆಂದು ಓದಿಕೊಂಡು ಮುಂದೆ ಹೋಗಿದ್ದೆ. ನನ್ನ ಕೆಲಸವೆಲ್ಲ ಅದರ ಮೇಲೆಯೇ ನಿಲ್ಲುತ್ತದೆಂದು ಗೊತ್ತಿರಲಿಲ್ಲ.

ಫ್ಯಾಬ್-ಐ ಕಿಣ್ವಕ್ಕೆ ದೊಡ್ಡ ಹೆಸರು ಬಂದದ್ದು ಟ್ರೈಕ್ಲೊಸಾನ್‌ನಿಂದ. ಸಾಬೂನು, ಟೂತ್‌ಪೇಸ್ಟ್‌ಗಳಲ್ಲಿ ಬಳಕೆಯಲ್ಲಿದ್ದ ಈ ರಾಸಾಯನಿಕ ಕಂಡದ್ದನ್ನೆಲ್ಲ ಒರಟಾಗಿ ಕೊಲ್ಲುತ್ತದೆಂಬ ನಂಬಿಕೆಯಿತ್ತು. 1998ರಲ್ಲಿ ಸ್ಟುವರ್ಟ್ ಲೆವಿ ಅವರ ತಂಡವು ಅದು ಕೊಬ್ಬಿನಾಮ್ಲ ತಯಾರಿಕೆಯನ್ನೇ, ಅದರಲ್ಲೂ ಫ್ಯಾಬ್-ಐ ಅನ್ನೇ ಹಿಡಿದು ನಿಲ್ಲಿಸುತ್ತದೆಂದು ತೋರಿಸಿತು. ನಿರ್ದಿಷ್ಟ ಗುರಿಯಿದ್ದಲ್ಲಿ ಆ ಗುರಿ ಬದಲಾಗಿ ಪ್ರತಿರೋಧ ಹುಟ್ಟುವುದೂ ಸುಲಭ. ಕೈತೊಳೆಯುವ ಸಾಬೂನುಗಳಲ್ಲಿ ಟ್ರೈಕ್ಲೊಸಾನ್ ಬಳಸುವುದನ್ನು ಅಮೆರಿಕದ ಔಷಧ ಆಡಳಿತ 2016ರ ಆದೇಶದಿಂದ ನಿಲ್ಲಿಸಿತು. ಇದರ ನಡುವೆ 2005ರಲ್ಲಿ ಲಿನೋಲಿಯಿಕ್ ಆಮ್ಲದಂಥ ದ್ವಿಬಂಧವುಳ್ಳ ಕೊಬ್ಬಿನಾಮ್ಲಗಳೂ ಪ್ರನಾಳದಲ್ಲಿ ಫ್ಯಾಬ್-ಐ ಅನ್ನು ತಡೆಯುತ್ತವೆ ಎಂಬ ವರದಿ ಬಂದಿತ್ತು. ಅದನ್ನು ಓದಿದ ಮೇಲೆ ನನ್ನ ಊಹೆ ಗಟ್ಟಿಯಾಯಿತು: ಪಾಲ್ಮಿಟೋಲಿಯಿಕ್ ಆಮ್ಲ ಬ್ಯಾಕ್ಟೀರಿಯವನ್ನು ಕೊಲ್ಲುವುದು ಅದರ ಕೊಬ್ಬಿನಾಮ್ಲ ತಯಾರಿಕೆಯನ್ನು ನಿಲ್ಲಿಸುವುದರಿಂದ.

ಊಹೆಯನ್ನು ಪರೀಕ್ಷಿಸುವ ಮೊದಲು ಅಳತೆಯನ್ನು ಸರಿಪಡಿಸಿಕೊಳ್ಳಬೇಕಿತ್ತು, ಅದಕ್ಕೇ ಎರಡು ತಿಂಗಳು ಹೋದವು. ಆಮ್ಲವನ್ನು ಮೊದಲು ಎಥನಾಲ್‌ನಲ್ಲಿ ಕರಗಿಸಿ, ಬೆಚ್ಚಗಿನ ಮಾಧ್ಯಮಕ್ಕೆ ಕಲಕುತ್ತಾ ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ತಣ್ಣಗಿನ ಮಾಧ್ಯಮಕ್ಕೆ ಒಮ್ಮೆಲೆ ಸುರಿದರೆ ಅಂಚಿನಲ್ಲಿ ಬಿಳಿ ಉಂಗುರ ಕಟ್ಟುತ್ತದೆ. ಎಥನಾಲ್ ಒಂದೇ ಏನು ಮಾಡುತ್ತದೆಂದು ತಿಳಿಯಲು ಆಮ್ಲವಿಲ್ಲದ ಒಂದು ಸಾಲು ಇರಲೇಬೇಕು, ಬ್ಯಾಕ್ಟೀರಿಯವೇ ಇಲ್ಲದೆ ಆಮ್ಲ ಮಾತ್ರ ಇರುವ ಇನ್ನೊಂದು ಸಾಲೂ ಬೇಕು. ಮಸುಕನ್ನು ನೋಡಿ ತೀರ್ಮಾನಿಸುವುದನ್ನು ಬಿಟ್ಟು, ಜೀವಂತ ಕೋಶ ಮಾತ್ರ ನೀಲಿಯಿಂದ ಗುಲಾಬಿಗೆ ತಿರುಗಿಸುವ ರೆಜಾಜುರಿನ್ ಬಣ್ಣವನ್ನು ಹನಿಸತೊಡಗಿದೆ. ನೀಲಿಯಾಗಿಯೇ ಉಳಿದ ಗುಳಿಗಳಲ್ಲಿ ಅತಿ ಕಡಿಮೆ ಸಾರತೆಯದು ಯಾವುದೋ ಅದೇ ಎಂಐಸಿ, ಅಂದರೆ ಬೆಳವಣಿಗೆಯನ್ನು ತಡೆಯುವ ಕನಿಷ್ಠ ಸಾರತೆ. ಮಾಧ್ಯಮಕ್ಕೆ ಸೀರಮ್ ಅಲ್ಬುಮಿನ್ ಸೇರಿಸಿದ ದಿನ ತಟ್ಟೆಯ ಉದ್ದಕ್ಕೂ ಎಲ್ಲ ಗುಳಿಗಳೂ ಗುಲಾಬಿಯಾದವು. ರಕ್ತದಲ್ಲಿ ಕೊಬ್ಬಿನಾಮ್ಲವನ್ನು ಹೊತ್ತು ತಿರುಗುವುದೇ ಅಲ್ಬುಮಿನ್‌ನ ಕೆಲಸ. ಅದು ಆಮ್ಲವನ್ನು ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಕ್ಕೆ ದಕ್ಕದಂತೆ ಮಾಡಿತ್ತು. ಈ ಪದಾರ್ಥಗಳನ್ನು ರಕ್ತಕ್ಕೆ ಸೇರಿಸುವ ಔಷಧವಾಗಿಸುವುದು ಕಷ್ಟ, ಚರ್ಮದ ಮೇಲೆ ಸವರುವ ಬಳಕೆಯಲ್ಲೇ ಹೆಚ್ಚು ಆಸೆಯಿದೆ ಎಂದು ಈ ಕ್ಷೇತ್ರದವರು ಹೇಳುವುದರ ಕಾರಣ ಆ ಗುಲಾಬಿ ತಟ್ಟೆಯಲ್ಲಿ ನನಗೆ ಕಂಡಿತು.

ಎಂಐಸಿ ದಿನದಿಂದ ದಿನಕ್ಕೆ ಒಂದೇ ಬರತೊಡಗಿದ ಮೇಲೆ ಅಸಿಟೇಟ್ ಪ್ರಯೋಗಕ್ಕೆ ಕೈಹಾಕಿದೆ. ಇಂಗಾಲ-14 ಗುರುತಿರುವ ಅಸಿಟೇಟ್ ಅನ್ನು ಬೆಳೆಯುತ್ತಿರುವ ಬ್ಯಾಕ್ಟೀರಿಯಕ್ಕೆ ಕೊಟ್ಟರೆ ಅದು ಹೊಸದಾಗಿ ಹೆಣೆಯುವ ಕೊಬ್ಬಿನಾಮ್ಲದೊಳಗೆ ಸೇರುತ್ತದೆ. ಲಿಪಿಡ್ ಅನ್ನು ಹೊರತೆಗೆದು ಅದರಲ್ಲಿನ ವಿಕಿರಣವನ್ನು ಎಣಿಸಿದರೆ ಎಷ್ಟು ಹೊಸ ಕೊಬ್ಬು ತಯಾರಾಯಿತೆಂದು ತಿಳಿಯುತ್ತದೆ. ಎಂಐಸಿಯ ಕೆಲವು ಪಟ್ಟು ಪಾಲ್ಮಿಟೋಲಿಯಿಕ್ ಆಮ್ಲ ಕೊಟ್ಟ ಬಳಿಕ ಮೊದಲ ಮಾದರಿಯಲ್ಲೇ, ಅಂದರೆ 10ನೆಯ ನಿಮಿಷದಲ್ಲೇ, ಅಸಿಟೇಟ್ ಸೇರುವುದು ಬಹುತೇಕ ನಿಂತುಹೋಗಿತ್ತು. ಮೂರು ಸಲ ಮಾಡಿದರೂ ಅದೇ ಫಲಿತಾಂಶ. ನಕ್ಷೆಯನ್ನು ಮುದ್ರಿಸಿಕೊಂಡು ನೇರವಾಗಿ ಮಾರ್ಗದರ್ಶಕರ ಕೋಣೆಗೆ ಹೋದೆ.

ಅವರು ನಕ್ಷೆಯನ್ನು ಸಾಕಷ್ಟು ಹೊತ್ತು ನೋಡಿ, "ಉಳಿದವನ್ನು ನೋಡಿದಿರಾ?" ಎಂದು ಕೇಳಿದರು.

"ಉಳಿದವು ಅಂದರೆ ಯಾವುವು ಮೇಡಂ?"

"ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನ್, ಕೋಶಭಿತ್ತಿ. ಅವೂ ನಿಂತಿದ್ದರೆ ಈ ಗೆರೆಯಿಂದ ನೀವು ಹೇಳಹೊರಟಿರುವುದನ್ನು ಹೇಳಲಾಗದು. ಟ್ರೈಕ್ಲೊಸಾನ್ ಅನ್ನೂ ಪಕ್ಕದಲ್ಲಿಟ್ಟುಕೊಂಡು ಮಾಡಿ."

ಮಾಡಿದೆ. ಡಿಎನ್‌ಎಗೆ ಥೈಮಿಡಿನ್, ಆರ್‌ಎನ್‌ಎಗೆ ಯೂರಿಡಿನ್, ಪ್ರೋಟೀನಿಗೆ ಲ್ಯೂಸಿನ್, ಕೋಶಭಿತ್ತಿಗೆ ಎನ್-ಅಸಿಟೈಲ್ ಗ್ಲೂಕೊಸಮಿನ್, ಎಲ್ಲವೂ ವಿಕಿರಣದ ಗುರುತಿರುವಂಥವು. ಟ್ರೈಕ್ಲೊಸಾನ್ ಕೊಟ್ಟ ಪ್ರನಾಳಗಳಲ್ಲಿ ಆರಂಭದಲ್ಲಿ ಅಸಿಟೇಟ್ ಒಂದೇ ಕುಸಿಯಿತು, ಉಳಿದ ನಾಲ್ಕು ತಮ್ಮ ಪಾಡಿಗೆ ಸಾಗಿದ್ದವು. ಪಾಲ್ಮಿಟೋಲಿಯಿಕ್ ಆಮ್ಲ ಕೊಟ್ಟಲ್ಲಿ ಐದೂ ಒಟ್ಟಿಗೆ ನಿಂತಿದ್ದವು. ಕೊಬ್ಬಿನಾಮ್ಲ ತಯಾರಿಕೆ ನಿಂತದ್ದು ನಿಜ. ಆದರೆ ಇಡೀ ಕೋಶವೇ ಕೈಚೆಲ್ಲಿದ್ದರಿಂದ ಅದೂ ನಿಂತಿತ್ತು. ಆರು ತಿಂಗಳು ಜತನ ಮಾಡಿಕೊಂಡು ಬಂದ ಊಹೆ ಒಂದು ವಾರದಲ್ಲಿ ಬಿದ್ದುಹೋಯಿತು. ನನಗೆ ನೋವಾಗಿತ್ತು, ಆದರೆ ಆ ಐದು ಗೆರೆಗಳು ಒಂದರ ಮೇಲೊಂದು ಕುಳಿತಿದ್ದುದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಹಾಗಾದರೆ ಮೊದಲ 10 ನಿಮಿಷದೊಳಗೆ ಏನಾಗುತ್ತದೆ? ಅದನ್ನು ತಿಳಿಯಲು ಪೊರೆಯ ವಿದ್ಯುತ್ ವಿಭವವನ್ನು ನೋಡಬೇಕಿತ್ತು. ಜೀವಂತ ಬ್ಯಾಕ್ಟೀರಿಯದ ಪೊರೆಯ ಒಳಬದಿ ಹೊರಬದಿಗಿಂತ ಋಣವಿದ್ಯುತ್ ಉಳ್ಳದ್ದು. ಡಿಸ್ಕ್-3-5 ಎಂಬ ಧನವಿದ್ಯುತ್ತಿನ ಬಣ್ಣ ಈ ಸೆಳೆತಕ್ಕೆ ಒಳಗೆ ಹೋಗಿ ಒತ್ತಾಗಿ ನೆರೆಯುತ್ತದೆ, ಒತ್ತಾದಾಗ ಅದರ ಪ್ರತಿದೀಪ್ತಿ ಆರುತ್ತದೆ. ಪೊರೆ ವಿಭವ ಕಳೆದುಕೊಂಡರೆ ಬಣ್ಣ ಹೊರಗೆ ಬಂದು ಮತ್ತೆ ಬೆಳಗುತ್ತದೆ. ಈ ವಿಧಾನದಲ್ಲೊಂದು ತೊಡಕಿತ್ತು. ಬಣ್ಣವು ಪಾಲಿಸ್ಟೈರೀನ್ ತಟ್ಟೆಗೆ ಅಂಟಿಕೊಳ್ಳುತ್ತದೆ. ಅದನ್ನು ತಪ್ಪಿಸಲು ಸಾಮಾನ್ಯವಾಗಿ ಸ್ವಲ್ಪ ಅಲ್ಬುಮಿನ್ ಬೆರೆಸುತ್ತಾರೆ. ಬೇರೆ ಔಷಧಗಳಿಗೆ ಇದು ಸರಿಹೋದೀತು, ನನ್ನ ಕೊಬ್ಬಿನಾಮ್ಲವನ್ನು ಅಲ್ಬುಮಿನ್ ಕಬಳಿಸುತ್ತದೆಂದು ನಾನು ಈಗಾಗಲೇ ಕಂಡಿದ್ದೆ. ಮೊದಲ ಸಲ ಲಿಖಿತ ವಿಧಾನವನ್ನು ಚಾಚೂ ತಪ್ಪದೆ ಅನುಸರಿಸಿದಾಗ ಪರದೆಯ ಮೇಲಿನ ಗೆರೆ ಅಲುಗಲೇ ಇಲ್ಲ. ಅಲ್ಬುಮಿನ್ ಬಿಟ್ಟು, ತಟ್ಟೆಯ ಬದಲು ಕ್ವಾರ್ಟ್ಸ್ ಕ್ಯುವೆಟ್ ಹಿಡಿದು, ಕೋಶಗಳೇ ಇಲ್ಲದ ದ್ರಾವಣದಲ್ಲಿ ಬಣ್ಣ ಮತ್ತು ಆಮ್ಲ ತಮ್ಮತಮ್ಮಲ್ಲೇ ಏನಾದರೂ ಮಾಡಿಕೊಳ್ಳುತ್ತವೆಯೇ ಎಂದು ನೋಡಿಕೊಂಡ ಬಳಿಕವೇ ನಿಜವಾದ ಅಳತೆ ಸಾಧ್ಯವಾಯಿತು.

ಆ ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಕ್ಯುವೆಟ್ ಇಟ್ಟು ಕುಳಿತಿದ್ದೆ. ಬಣ್ಣ ಒಳಗೆ ಸೇರುತ್ತಿದ್ದಂತೆ ಗೆರೆ ನಿಧಾನವಾಗಿ ಇಳಿದು ಸಮತಟ್ಟಾಯಿತು. ಸೂಜಿಯಿಂದ ಪಾಲ್ಮಿಟೋಲಿಯಿಕ್ ಆಮ್ಲ ಹಾಯಿಸಿದೆ. ಒಂದು ಸಣ್ಣ ನಡುಕ, ಮರುಕ್ಷಣ ಗೆರೆ ಏರತೊಡಗಿತು; ಎರಡು ನಿಮಿಷ ಕಳೆಯುವುದರೊಳಗೆ, ಪೊರೆಯಲ್ಲಿ ರಂಧ್ರ ಕೊರೆಯುವ ಗ್ರಾಮಿಸಿಡಿನ್ ಕೊಟ್ಟಾಗ ಯಾವ ಎತ್ತರಕ್ಕೆ ಹೋಗಿತ್ತೋ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿತು. ಲಾರಿಕ್ ಆಮ್ಲಕ್ಕೆ ಅಷ್ಟೇ ಏರಿಕೆ ಬರಲು ಹೆಚ್ಚು ಸಾರತೆ ಬೇಕಾಯಿತು. ಟ್ರೈಕ್ಲೊಸಾನ್ ಎಂಐಸಿಯಷ್ಟು ಇದ್ದಾಗ ಗೆರೆ ಆ ಅವಧಿಯಲ್ಲಿ ಕದಲಲಿಲ್ಲ. ಕೊಬ್ಬಿನಾಮ್ಲ ತಗುಲಿದ ಸ್ಟ್ಯಾಫಿಲೊಕಾಕಸ್ ಕೋಶಗಳಿಂದ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯೂ ಸಣ್ಣ ಪ್ರೋಟೀನುಗಳೂ ಹೊರಗೆ ಸೋರುತ್ತವೆಂದು 2012ರಲ್ಲೇ ಪ್ರಕಟವಾಗಿತ್ತು; ನನ್ನ ಗೆರೆ ಅದರ ಜೊತೆ ಹೊಂದಿಕೊಂಡಿತು. ವಿಭವ ಹೋಯಿತು, ಎಟಿಪಿ ಹೋಯಿತು. ಆಮೇಲೆ ಡಿಎನ್‌ಎಯೇ ಆಗಲಿ ಕೊಬ್ಬೇ ಆಗಲಿ ಹೆಣೆಯಲು ಶಕ್ತಿ ಎಲ್ಲಿಂದ ಬರಬೇಕು?

ಇಲ್ಲಿಗೆ ಬಂದಾಗ ನನ್ನ ಮೊದಲಿನ ಸರಳ ಚಿತ್ರವೇ ಸರಿ, ಕೊಬ್ಬಿನಾಮ್ಲ ಪೊರೆ ಹರಿಯುವ ಸಾಬೂನಷ್ಟೇ ಎಂದು ಬರೆದು ಮುಗಿಸಬಹುದಿತ್ತು. ಹಾಗೆ ಮುಗಿಸಲು ಬಿಡದಿದ್ದದ್ದು ಎಂಐಸಿಗಿಂತ ಕೆಳಗಿನ ಗುಳಿಗಳು. ಎಂಐಸಿಯ ಕಾಲು ಭಾಗದಷ್ಟು ಪಾಲ್ಮಿಟೋಲಿಯಿಕ್ ಆಮ್ಲವಿದ್ದಲ್ಲಿ ಬ್ಯಾಕ್ಟೀರಿಯ ಸಾಯುತ್ತಿರಲಿಲ್ಲ, ಹಾಗೆಂದು ಸುಮ್ಮನೆ ಬೆಳೆಯುತ್ತಲೂ ಇರಲಿಲ್ಲ. ಮೊದಲು ಒಂದಷ್ಟು ಹೊತ್ತು ಸ್ತಬ್ಧವಾಗಿದ್ದು, ಆಮೇಲೆ ಬೆಳವಣಿಗೆ ಹಿಡಿಯುತ್ತಿತ್ತು. ಪೊರೆ ಹರಿದಿದ್ದರೆ ಅದು ಎದ್ದೇಳಬಾರದು. ಏನೂ ಆಗಿರದಿದ್ದರೆ ಕಾಯಬಾರದು. ಆ ಕಾಯುವ ಹೊತ್ತಿನಲ್ಲಿ ಆಮ್ಲ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹಿಂಬಾಲಿಸಲು ನಿರ್ಧರಿಸಿದೆ. ನನ್ನ ಮಟ್ಟಿಗೆ ಇಡೀ ಕೆಲಸದ ಸಾರವಿದ್ದದ್ದು ಇಲ್ಲೇ.

ಲಿಪಿಡ್ ಹೊರತೆಗೆಯುವ ಬ್ಲೈ ಮತ್ತು ಡಯರ್ ವಿಧಾನ 1959ರದ್ದು, ಈಗಲೂ ಹಲವರು ಅದನ್ನೇ ಬಳಸುತ್ತಾರೆ. ಸ್ಟ್ಯಾಫಿಲೊಕಾಕಸ್‌ನ ದಪ್ಪ ಭಿತ್ತಿಗೆ ದ್ರಾವಕ ಸಲೀಸಾಗಿ ಇಳಿಯದ ಕಾರಣ, ಭಿತ್ತಿಯ ಗ್ಲೈಸಿನ್ ಸೇತುವೆಗಳನ್ನು ಕತ್ತರಿಸುವ ಲೈಸೊಸ್ಟ್ಯಾಫಿನ್ ಕಿಣ್ವವನ್ನು ಮೊದಲು ಕೊಡಬೇಕು. ಬಳಿಕ ಕ್ಲೋರೊಫಾರ್ಮ್, ಮೆಥನಾಲ್, ನೀರು ಮೂರನ್ನೂ 1:2:0.8ರ ಪ್ರಮಾಣದಲ್ಲಿ ಬೆರೆಸಿದಾಗ ಒಂದೇ ದ್ರವವಾಗಿ ಕೂಡುತ್ತದೆ; ಮತ್ತಷ್ಟು ಕ್ಲೋರೊಫಾರ್ಮ್ ಮತ್ತು ನೀರು ಸೇರಿಸಿದೊಡನೆ ಅದು ಎರಡು ಪದರವಾಗಿ ಒಡೆಯುತ್ತದೆ. ಕೆಳಗಿನ ಕ್ಲೋರೊಫಾರ್ಮ್ ಪದರದಲ್ಲಿ ಲಿಪಿಡ್, ಮೇಲೆ ನೀರು ಮತ್ತು ಮೆಥನಾಲ್, ನಡುವೆ ಕೆನೆಯಂತೆ ತೆಳ್ಳನೆಯ ಬಿಳಿ ಪ್ರೋಟೀನ್ ಪೊರೆ. ಉದ್ದ ಮೂತಿಯ ಗಾಜಿನ ಪಿಪೆಟ್ ಅನ್ನು ಆ ಬಿಳಿ ಪೊರೆಯ ಮೂಲಕ ಇಳಿಸುವಾಗ ಒಂದೆರಡು ಗುಳ್ಳೆ ಊದಿಕೊಂಡೇ ಹೋಗಬೇಕು, ಇಲ್ಲವಾದರೆ ಪ್ರೋಟೀನ್ ಪಿಪೆಟ್ಟಿನೊಳಗೆ ಏರಿಬಿಡುತ್ತದೆ. ಹೀಗೆ ತೆಗೆದ ಕೆಳಪದರವನ್ನು ಸಾರಜನಕದ ಗಾಳಿಯಲ್ಲಿ ಒಣಗಿಸಿದರೆ ಪ್ರನಾಳದ ತಳದಲ್ಲಿ ಕಂಡೂ ಕಾಣದಂಥ ಜಿಡ್ಡಿನ ಲೇಪ ಉಳಿಯುತ್ತದೆ.

ಮೊದಲ ಸುತ್ತಿನಲ್ಲೇ ಆಶ್ಚರ್ಯವೊಂದು ಕಾದಿತ್ತು. ಆಮ್ಲ ಕೊಡದ ಕೋಶಗಳ ಲಿಪಿಡ್ ಅನ್ನು ಮೀಥೈಲ್ ಎಸ್ಟರ್‌ಗಳಾಗಿಸಿ, ಬೇರೆಬೇರೆ ಆಮ್ಲಗಳನ್ನು ಬೇರ್ಪಡಿಸಿ ಒಂದೊಂದನ್ನೂ ಒಂದು ಶಿಖರವಾಗಿ ತೋರಿಸುವ ಗ್ಯಾಸ್ ಕ್ರೊಮಟೊಗ್ರಾಫ್‌ಗೆ ಹಾಕಿದಾಗ 18 ಇಂಗಾಲ, ಒಂದು ದ್ವಿಬಂಧದ ಓಲಿಯಿಕ್ ಆಮ್ಲದ ಸಣ್ಣ ಶಿಖರ ಕಂಡಿತು. ದ್ವಿಬಂಧ ತಯಾರಿಸಲಾರದ ಬ್ಯಾಕ್ಟೀರಿಯದಲ್ಲಿ ಅದು ಇರುವಂತಿಲ್ಲ. ಬ್ಯಾಕ್ಟೀರಿಯವನ್ನೇ ಹಾಕದೆ ಬರೀ ದ್ರಾವಕಗಳನ್ನು ಅದೇ ಪ್ರನಾಳ, ಅದೇ ಮುಚ್ಚಳಗಳ ಮೂಲಕ ಹಾಯಿಸಿ ನೋಡಿದೆ. ಅದೇ ಶಿಖರ, ಜೊತೆಗೆ ಪಾಲ್ಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳ ಶಿಖರಗಳು. ಕ್ಲೋರೊಫಾರ್ಮ್ ಪ್ಲಾಸ್ಟಿಕ್ಕಿನೊಳಗಿನ ಜಾರು ಪದಾರ್ಥಗಳನ್ನು ಹೊರಗೆಳೆದು ತಂದಿತ್ತು. ಅಂದಿನಿಂದ ದ್ರಾವಕದ ಹತ್ತಿರ ಪ್ಲಾಸ್ಟಿಕ್ ಸುಳಿಯಲು ಬಿಡಲಿಲ್ಲ. ಗಾಜಿನ ಪ್ರನಾಳ, ಟೆಫ್ಲಾನ್ ಒಳಪದರದ ಮುಚ್ಚಳ, ಪ್ರತಿ ಸುತ್ತಿಗೂ ಒಂದು ಖಾಲಿ ಮಾದರಿ. ಇನ್ನೂ ಒಂದು ಎಚ್ಚರ ಬೇಕಿತ್ತು. ಕೋಶದ ಹೊರಮೈಗೆ ಅಂಟಿಕೊಂಡ ಆಮ್ಲವನ್ನೂ ಪೊರೆಯೊಳಗೆ ಸೇರಿದ ಆಮ್ಲವನ್ನೂ ಕ್ರೊಮಟೊಗ್ರಾಫ್ ಬೇರೆಬೇರೆಯಾಗಿ ತೋರಿಸುವುದಿಲ್ಲ. ಹೊರಗಿನದನ್ನು ತೊಳೆಯಲು ನೆರವಾದದ್ದು ಆ ಅಲ್ಬುಮಿನ್ನೇ! ಕೊಬ್ಬಿನಾಮ್ಲ ತೆಗೆದು ಶುದ್ಧಗೊಳಿಸಿದ ಅಲ್ಬುಮಿನ್ ದ್ರಾವಣದಲ್ಲಿ ಕೋಶಗಳನ್ನು ಎರಡು ಸಲ ತೊಳೆದೆ. ಎರಡು ಪ್ರಯೋಗಗಳನ್ನು ಕೆಡಿಸಿದ್ದ ಅದರ ಗುಣ ಇಲ್ಲಿ ಕೆಲಸಕ್ಕೆ ಬಂತು.

ಆ ಬಳಿಕ ಲಿಪಿಡ್ ಅನ್ನು ಸಿಲಿಕಾ ಲೇಪದ ಫಲಕದ ಮೇಲೆ ಓಡಿಸಿ, ಅಯೊಡಿನ್ ಹರಳುಗಳಿದ್ದ ಗಾಜಿನ ತೊಟ್ಟಿಯಲ್ಲಿ ನಿಲ್ಲಿಸಿದೆ. ಅಯೊಡಿನ್ ಆವಿ ದ್ವಿಬಂಧವಿದ್ದಲ್ಲಿ ಚೆನ್ನಾಗಿ ಹಿಡಿಯುತ್ತದೆ, ಇಲ್ಲದಲ್ಲಿ ತೆಳುವಾಗಿ. ಸಾಮಾನ್ಯ ಕೋಶಗಳ ಸಾಲಿನಲ್ಲಿ ಫಾಸ್ಫಟಿಡೈಲ್ ಗ್ಲಿಸರಾಲ್ ಎಂಬ ಅದರ ಮುಖ್ಯ ಫಾಸ್ಫೋಲಿಪಿಡ್ (ಪೊರೆ ಕಟ್ಟುವ, ಫಾಸ್ಫೇಟ್ ಉಳ್ಳ ಲಿಪಿಡ್) ಮಸುಕು ಹಳದಿಯಾಗಿ ಮೂಡಿತು. ಕಡಿಮೆ ಪ್ರಮಾಣದ ಪಾಲ್ಮಿಟೋಲಿಯಿಕ್ ಆಮ್ಲದಲ್ಲಿ ಬೆಳೆದ ಕೋಶಗಳ ಸಾಲಿನಲ್ಲಿ ಅದೇ ಎತ್ತರದ ಪಟ್ಟಿ ನೋಡನೋಡುತ್ತಿದ್ದಂತೆ ಗಾಢ ಕಂದಾಯಿತು. ಎರಡರಲ್ಲೂ ಲಿಪಿಡ್‌ನ ಪ್ರಮಾಣ ಒಂದೇ ಎಂದು ಫಾಸ್ಫೇಟ್ ಅಳೆದು ಖಚಿತಪಡಿಸಿಕೊಂಡಿದ್ದೆ. ಅಯೊಡಿನ್ ದ್ವಿಬಂಧಗಳನ್ನೇ ಬದಲಿಸಬಲ್ಲದಾದ್ದರಿಂದ, ಅಯೊಡಿನ್ ಸೋಕದ ಇನ್ನೊಂದು ಫಲಕದಿಂದ ಆ ಎತ್ತರದ ಸಿಲಿಕಾವನ್ನು ಕೆರೆದು ಕ್ರೊಮಟೊಗ್ರಾಫ್‌ಗೆ ಕೊಟ್ಟೆ. ಆಂಟಿ-ಐಸೊ 15ರ ಶಿಖರ ಕುಗ್ಗಿತ್ತು, 16 ಇಂಗಾಲದ ದ್ವಿಬಂಧದ ಶಿಖರ ಎದ್ದಿತ್ತು. ಅದರ ಪಕ್ಕದಲ್ಲಿ, ನಾನು ಕೊಡದೇ ಇದ್ದ, 18 ಇಂಗಾಲದ ದ್ವಿಬಂಧದ ಇನ್ನೊಂದು ಶಿಖರವೂ ಇತ್ತು. ಖಾಲಿ ಮಾದರಿ ಈ ಸಲ ಸ್ವಚ್ಛವಾಗಿತ್ತು. ಬ್ಯಾಕ್ಟೀರಿಯ ತನ್ನ ವಿಷವನ್ನು ಒಳಗೆ ತೆಗೆದುಕೊಂಡು, ಅದಕ್ಕೆ ಎರಡು ಇಂಗಾಲ ಸೇರಿಸಿ, ಪೊರೆಗೆ ಹೊಲಿದುಕೊಂಡಿತ್ತು.

ಇದು ನಡೆಯುವ ದಾರಿಯನ್ನು ಚಾರ್ಲ್ಸ್ ರಾಕ್ ಅವರ ತಂಡ 2014ರಲ್ಲಿ ಬಿಡಿಸಿ ತೋರಿಸಿದೆ. ಪೊರೆಗೆ ಬಂದು ಸೇರಿದ ಹೊರಗಿನ ಆಮ್ಲವನ್ನು ಫ್ಯಾಕ್-ಬಿ ಎಂಬ ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಸ್ಟ್ಯಾಫಿಲೊಕಾಕಸ್‌ನಲ್ಲಿ ಇದು ಎರಡಿದೆ, ಒಂದು ದ್ವಿಬಂಧವಿಲ್ಲದ ಆಮ್ಲಕ್ಕೆ ಒಲಿಯುತ್ತದೆ, ಇನ್ನೊಂದು ದ್ವಿಬಂಧವುಳ್ಳದ್ದಕ್ಕೆ. ಫ್ಯಾಕ್-ಎ ಎಟಿಪಿ ಖರ್ಚು ಮಾಡಿ ಅದಕ್ಕೆ ಫಾಸ್ಫೇಟ್ ಜೋಡಿಸುತ್ತದೆ. ಪಿಎಲ್‌ಎಸ್-ವೈ ಕಿಣ್ವ ಅದನ್ನು ಗ್ಲಿಸರಾಲ್ ಫಾಸ್ಫೇಟಿನ ಒಂದನೆಯ ಸ್ಥಾನಕ್ಕೆ ಸೇರಿಸಬಹುದು, ಇಲ್ಲವೇ ಪಿಎಲ್‌ಎಸ್-ಎಕ್ಸ್ ಅದನ್ನು ಎಸಿಪಿಗೆ ದಾಟಿಸಿ ಸರಪಳಿ ಉದ್ದವಾಗುವ ಸುತ್ತಿಗೆ ಕಳಿಸಬಹುದು. ನನ್ನ 18ರ ಶಿಖರದ ಹುಟ್ಟು ಅಲ್ಲಿ. ಎರಡನೆಯ ಸ್ಥಾನವನ್ನು ತುಂಬುವ ಪಿಎಲ್‌ಎಸ್-ಸಿ ಮಾತ್ರ ಎಸಿಪಿಗೆ ಅಂಟಿದ ಸರಪಳಿಯನ್ನೇ ಕೇಳುತ್ತದೆ, ಅದರಲ್ಲೂ ತನ್ನದೇ 15ರ ಕವಲು ಸರಪಳಿಯತ್ತ ಅದರ ಒಲವು. ಹೀಗಾಗಿ ಹೊರಗಿನ ಆಮ್ಲ ಎಷ್ಟೇ ಬಂದರೂ ಬ್ಯಾಕ್ಟೀರಿಯ ತನ್ನ ಮಗ್ಗವನ್ನು ಪೂರ್ತಿ ನಿಲ್ಲಿಸುವಂತಿಲ್ಲ. ಇದರ ಮೇಲೆ ಒಂದು ಹಳೆಯ ವಾದವೇ ನಿಂತಿದೆ. ಆತಿಥೇಯ ದೇಹದ ಕೊಬ್ಬಿನಾಮ್ಲವನ್ನು ಬಳಸಿಕೊಂಡರೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ತನ್ನ ತಯಾರಿಕೆಯೇ ಇಲ್ಲದೆ ಬದುಕುತ್ತದೆ, ಹಾಗಾಗಿ ಫ್ಯಾಬ್ ಕಿಣ್ವಗಳ ವಿರುದ್ಧ ಔಷಧ ಹುಡುಕಿ ಫಲವಿಲ್ಲ ಎಂದು 2009ರಲ್ಲಿ ಫ್ರಾನ್ಸಿನ ತಂಡವೊಂದು ಬರೆಯಿತು. ಸ್ಟ್ಯಾಫಿಲೊಕಾಕಸ್ ಹಾಗಲ್ಲ ಎಂದು ರಾಕ್ ತಂಡ ಉತ್ತರಿಸಿತು. ಫ್ಯಾಬ್-ಡಿ ಜೀನ್ ಬದಲಾದ ಸ್ಟ್ಯಾಫಿಲೊಕಾಕಸ್ ತಳಿಗಳು ಆ ದಾರಿಯನ್ನೂ ಕಂಡುಕೊಳ್ಳಬಲ್ಲವೆಂದು ಆಮೇಲೆ ತಿಳಿಯಿತು. ಯಾವ ಬ್ಯಾಕ್ಟೀರಿಯ ಎಂದು ಹೇಳದೆ ಈ ಮಾತನ್ನು ಎತ್ತುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಸ್ತಬ್ಧವಾಗಿ ಕಾಯುತ್ತಿದ್ದ ಆ ಹೊತ್ತಿಗೆ ಈಗ ಅರ್ಥ ಬಂತು. ಪೊರೆಯಲ್ಲಿ ಬಿಡಿಯಾಗಿ ತೇಲುವ ಆಮ್ಲವೇ ಅಪಾಯಕಾರಿ. ಫಾಸ್ಫೋಲಿಪಿಡ್‌ಗೆ ಹೊಲಿದ ಬಳಿಕ ಅದು ಪೊರೆಯ ಒಂದು ಎಳೆಯಾಗುತ್ತದೆ. ಪ್ರತಿ 20 ನಿಮಿಷಕ್ಕೆ ಮಾದರಿ ತೆಗೆದು ನೋಡಿದಾಗ, ಮಾಧ್ಯಮದಲ್ಲಿನ ಬಿಡಿ ಆಮ್ಲ ಕಡಿಮೆಯಾಗುತ್ತಾ ಹೋದಂತೆ ಫಾಸ್ಫೋಲಿಪಿಡ್‌ನೊಳಗಿನ ಶಿಖರ ಏರುತ್ತಿತ್ತು, ಬೆಳವಣಿಗೆ ಹಿಡಿದದ್ದು ಅದರ ನಂತರ. ಹೊಲಿಯುವ ವೇಗಕ್ಕಿಂತ ಬರುವ ವೇಗ ಹೆಚ್ಚಾದಾಗ ಪೊರೆ ಸೋರುತ್ತದೆ, ವಿಭವ ಕುಸಿಯುತ್ತದೆ, ಹೊಲಿಯಲು ಬೇಕಾದ ಎಟಿಪಿಯೂ ಹೋಗುತ್ತದೆ ಎಂದು ನನ್ನ ಅಳತೆಗಳನ್ನು ನಾನು ಓದಿಕೊಂಡಿದ್ದೇನೆ. ಹೊಲಿಯುವುದೊಂದೇ ಅದರ ಉಪಾಯವಲ್ಲ. ಫಾರ್-ಇ ಎಂಬ ಪಂಪು ಆಮ್ಲವನ್ನು ಹೊರಗೆ ತಳ್ಳುತ್ತದೆ, ಆ ಪಂಪನ್ನು ನಿಯಂತ್ರಿಸುವ ಫಾರ್-ಆರ್ ಬದಲಾದ ತಳಿ ಹೆಚ್ಚು ಆಮ್ಲ ತಡೆದುಕೊಳ್ಳುತ್ತದೆ. ಭಿತ್ತಿಯ ಟೀಕೊಯಿಕ್ ಆಮ್ಲವೂ ಕಾವಲಿಗಿದೆ. ಇ. ಕೊಲೈಯಂಥವುಗಳಲ್ಲಿ ಹೊರಗಿನ ಇನ್ನೊಂದು ಪೊರೆ ಈ ಲಿಪಿಡ್‌ಗಳನ್ನು ಬಾಗಿಲಲ್ಲೇ ತಡೆಯುತ್ತದೆ, ಒಳಗೆ ಬಂದದ್ದನ್ನು ಅದು ಸುಟ್ಟು ಶಕ್ತಿಯಾಗಿ ಬಳಸಿಕೊಳ್ಳಲೂ ಬಲ್ಲದು.

ಸ್ಟ್ಯಾಫಿಲೊಕಾಕಸ್‌ಗೆ ಸುಡುವ ಆ ದಾರಿಯಿಲ್ಲ ಎಂದೇ ಬಹುಕಾಲ ತಿಳಿಯಲಾಗಿತ್ತು. ಕೊನೆಯ ಪ್ರಯೋಗದಲ್ಲಿ ನೋಡಲು ಬಯಸಿದ್ದು ಅದನ್ನೇ. ಪಾಲ್ಮಿಟೋಲಿಯಿಕ್ ಆಮ್ಲದಲ್ಲಿ ಬೆಳೆಸಿದ ಕೋಶಗಳನ್ನು ಅಲ್ಬುಮಿನ್‌ನಲ್ಲಿ ತೊಳೆದು, ಆಮ್ಲವಿಲ್ಲದ ಹೊಸ ಮಾಧ್ಯಮಕ್ಕೆ ವರ್ಗಾಯಿಸಿ, ಅವು ಒಂದು ಇದ್ದದ್ದು ಎರಡಾಗುವಷ್ಟು ಬೆಳೆದಾಗಲೆಲ್ಲ ಒಂದು ಮಾದರಿ ತೆಗೆಯುತ್ತಾ ಹೋದೆ. ನಾಲ್ಕು ತಲೆಮಾರುಗಳ ಐದು ನಕ್ಷೆಗಳನ್ನು ಕಿಟಕಿಯ ಗಾಜಿಗೆ ಒಂದರ ಪಕ್ಕ ಒಂದು ಅಂಟಿಸಿ ನಿಂತು ನೋಡಿದೆ. ದ್ವಿಬಂಧದ ಎರಡೂ ಶಿಖರಗಳು ಪ್ರತಿ ಹಾಳೆಯಲ್ಲೂ ಹಿಂದಿನದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು, ಅವು ಬಿಟ್ಟುಕೊಟ್ಟ ಜಾಗಕ್ಕೆ 15ರ ಕವಲಿನ ಶಿಖರ ಮರಳಿ ಬರುತ್ತಿತ್ತು. ಕೋಶ ಆ ಆಮ್ಲವನ್ನು ಮುರಿದಿರಲಿಲ್ಲ, ಹೊರಗೆ ಎಸೆದಿರಲೂ ಇಲ್ಲ. ತಾಯಿಯ ಪೊರೆಯಲ್ಲಿದ್ದದ್ದನ್ನು ಎರಡು ಮಕ್ಕಳು ಹಂಚಿಕೊಂಡಿದ್ದವು. ಐದನೆಯ ಹಾಳೆಯಲ್ಲಿ 16ರ ಶಿಖರ ಪೆನ್ಸಿಲ್ಲಿನ ಚುಕ್ಕೆಯಷ್ಟಿತ್ತು, ಆದರೂ ಇತ್ತು.